ಓದೋಕೆ ಬರುತ್ತೆ, ಅರ್ಥ ಯಾಕೆ ಆಗಲ್ಲ? ಹಾಡಿಯ ಮಕ್ಕಳು, ಅವರ ಕಥೆಗಳು ಮತ್ತು ಮೊದಲ ಓದು

ಎರಡನೇ ತರಗತಿಯ ಮಗು ಪಾಠವನ್ನು ಗಟ್ಟಿಯಾಗಿ ಓದುತ್ತದೆ. ತಪ್ಪಿಲ್ಲ, ತಡವರಿಕೆ ಇಲ್ಲ. ಪುಸ್ತಕ ಮುಚ್ಚಿ, "ಕಥೆಯಲ್ಲಿ ಏನಾಯ್ತು ಪುಟ್ಟಾ?" ಎಂದು ಕೇಳಿದರೆ ಮಾತೇ ಇಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ, ಹುಣಸೂರು ಕಡೆ ಹಾಡಿಗಳ, ಅಂದರೆ ಕಾಡಂಚಿನ ಬುಡಕಟ್ಟು ಜನರ ಪುಟ್ಟ ಊರುಗಳ ಮಕ್ಕಳಿಗೆ ಪಾಠ ಮಾಡುವ ಮೇಷ್ಟ್ರುಗಳ ಬಾಯಲ್ಲಿ ಈ ದೂರು ಆಗಾಗ ಬರುತ್ತದೆ. "ಓದೋಕೇನೋ ಬರುತ್ತೆ ಸಾರ್, ಅರ್ಥ ಹೇಳು ಅಂದ್ರೆ ಸುಮ್ನೆ ನಿಂತ್ಕೋತಾರೆ." ಕೇಳಿದವರು ಮಗುವಿಗೆ ಗಮನ ಇಲ್ಲ, ಮನೆಯಲ್ಲಿ ಓದಿಸುವವರಿಲ್ಲ ಎಂದು ತೀರ್ಮಾನ ಮಾಡಿಬಿಡುತ್ತಾರೆ. ಆ ತೀರ್ಮಾನ ಬಹಳ ಸಲ ತಪ್ಪು. ಓದು ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಬಿಡಿಸಿ ನೋಡಿದರೆ, ಆ ಮಗು ಎಲ್ಲಿ ನಿಂತುಹೋಗಿದೆ ಎನ್ನುವುದು ಸ್ಪಷ್ಟವಾಗುತ್ತದೆ.

ಓದುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಒಂದು, ಕಾಗದದ ಮೇಲಿರುವ ಅಕ್ಷರವನ್ನು ಸದ್ದು ಮಾಡಿಕೊಳ್ಳುವುದು. ಇನ್ನೊಂದು, ಆ ಸದ್ದು ಹೇಳುತ್ತಿರುವ ಮಾತನ್ನು ತಿಳಿಯುವುದು. 1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಇಬ್ಬರು ಸಂಶೋಧಕರು ಇದನ್ನು ಒಂದು ಸರಳ ಲೆಕ್ಕದಂತೆ ಬರೆದರು. ಅಕ್ಷರ ಬಿಡಿಸುವ ಶಕ್ತಿಯನ್ನು ಮಾತು ತಿಳಿಯುವ ಶಕ್ತಿಯಿಂದ ಗುಣಿಸಿದರೆ ಬರುವುದೇ ಅರ್ಥವಾಗುವ ಓದು. ಅವರು ಎರಡನ್ನೂ ಕೂಡಲಿಲ್ಲ, ಗುಣಿಸಿದರು. ಎರಡರಲ್ಲಿ ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟೇ ಇದ್ದರೂ ಉತ್ತರ ಸೊನ್ನೆ.

ಬೇಕಾದರೆ ನೀವೇ ಪರೀಕ್ಷೆ ಮಾಡಿ ನೋಡಿ. "ಯಾನ್ ಇಲ್ಲಡೆ ಪೋಪೆ." ಇದು ತುಳು. ಬರೆದಿರುವುದು ಕನ್ನಡ ಲಿಪಿಯಲ್ಲೇ. ಮೈಸೂರಿನ ಯಾರು ಬೇಕಾದರೂ ತಪ್ಪಿಲ್ಲದೆ ಓದಬಹುದು. ಇಂಥ ಇಪ್ಪತ್ತು ವಾಕ್ಯ ಓದಿಸಿ, ಕೊನೆಗೆ ಐದು ಪ್ರಶ್ನೆ ಕೇಳಿದರೆ ತುಳು ಗೊತ್ತಿಲ್ಲದ ನಾವೂ ಆ ಮಗುವಿನ ಹಾಗೆ ಸುಮ್ಮನೆ ನಿಲ್ಲುತ್ತೇವೆ, ಅಲ್ವಾ? ನಮ್ಮ ಬುದ್ಧಿಗೇನೂ ಆಗಿರುವುದಿಲ್ಲ. ಮಾತು ತಿಳಿಯುವ ಆ ಇನ್ನೊಂದು ಭಾಗ ಖಾಲಿ ಇದೆ, ಅಷ್ಟೆ.

ಈಗ ಕನ್ನಡದ ಅಕ್ಷರದ ಕಡೆ ಬನ್ನಿ. ವರ್ಣಮಾಲೆಯಲ್ಲಿ 49 ಅಕ್ಷರ. ಅದು ಆರಂಭ ಮಾತ್ರ. 34 ವ್ಯಂಜನಗಳಿಗೆ ಕಾಗುಣಿತ ಬರೆಯುತ್ತಾ ಹೋದರೆ 400ಕ್ಕೂ ಹೆಚ್ಚು ರೂಪಗಳಾಗುತ್ತವೆ. ಅದರ ಮೇಲೆ ಒತ್ತಕ್ಷರ ಬೇರೆ. ಕನ್ನಡ ಮಾಧ್ಯಮದ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಈ ಅಕ್ಷರಗಳೆಲ್ಲ ಕೈಗೆ ಬರುವುದು ಒಂದೆರಡು ವರ್ಷದ ಕೆಲಸವಲ್ಲ, ನಾಲ್ಕನೇ ತರಗತಿಯವರೆಗೂ ಎಳೆಯುತ್ತದೆ ಎಂದು ಅದು ತೋರಿಸಿತು. ಜೊತೆಗೆ ನಮ್ಮ ಪದಗಳು ಉದ್ದ. "ಬರುತ್ತಿರಲಿಲ್ಲವಂತೆ" ಎನ್ನುವ ಒಂದೇ ಪದವನ್ನು ಅಕ್ಷರ ಅಕ್ಷರವಾಗಿ ಬಿಡಿಸುವ ಮಗು "ವಂತೆ"ಗೆ ಬರುವ ಹೊತ್ತಿಗೆ "ಬರು" ಮರೆತಿರುತ್ತದೆ. ತಲೆಯ ಶಕ್ತಿಯೆಲ್ಲ ಬಿಡಿಸುವುದಕ್ಕೇ ಖರ್ಚಾದರೆ ಅರ್ಥ ಕಟ್ಟುವುದಕ್ಕೆ ಏನೂ ಉಳಿಯುವುದಿಲ್ಲ.

ಹಾಗಿದ್ದರೂ ಕನ್ನಡ ಮನೆಮಾತಿನ ಮಗು ಹೇಗೋ ದಾಟಿಕೊಳ್ಳುತ್ತದೆ. ಅರ್ಧ ಓದುವಷ್ಟರಲ್ಲಿ ಉಳಿದರ್ಧವನ್ನು ಊಹಿಸಿಬಿಡುತ್ತದೆ. "ಅಮ್ಮ ಹಾಲು ಕಾ..." ಎಂದಾಗಲೇ "ಕಾಯಿಸಿದಳು" ಎಂದು ಬಾಯಿಗೆ ಬರುತ್ತದೆ. ಈ ಊಹೆ ಬರುವುದು ಅಕ್ಷರಜ್ಞಾನದಿಂದಲ್ಲ, ಕಿವಿಯಲ್ಲಿ ತುಂಬಿರುವ ಭಾಷೆಯಿಂದ.

ಎಲ್ಲ ಮಕ್ಕಳ ಕಿವಿಯಲ್ಲೂ ಪುಸ್ತಕದ ಕನ್ನಡ ಒಂದೇ ಅಳತೆಯಲ್ಲಿ ತುಂಬಿರುವುದಿಲ್ಲ. ಮಂಡ್ಯದ ಹಳ್ಳಿಯ ಮಗುವನ್ನೇ ತೆಗೆದುಕೊಳ್ಳಿ. ಮನೆಯಲ್ಲಿ ಕೇಳುವುದು "ಓಯ್ತಾವ್ನೆ", ಪುಸ್ತಕದಲ್ಲಿರುವುದು "ಹೋಗುತ್ತಿದ್ದಾನೆ". ಮನೆಯ "ಆಲು" ಶಾಲೆಯಲ್ಲಿ "ಹಾಲು" ಆಗುತ್ತದೆ. ಇಷ್ಟು ದೂರವೇ ಒಂದನೇ ತರಗತಿಯಲ್ಲಿ ಕಾಲು ತೊಡಕಿಸುತ್ತದೆ. ಹಾಡಿಗಳಲ್ಲಿರುವ ಬುಡಕಟ್ಟುಗಳಲ್ಲಿ ಜೇನು ಕುರುಬರ ಮಾತು ಕನ್ನಡಕ್ಕೆ ಹತ್ತಿರದ್ದೇ, ಆದರೂ ಪುಸ್ತಕದ ಕನ್ನಡದಿಂದ ಮಂಡ್ಯದ ಮಾತಿಗಿಂತ ಇನ್ನೂ ದೂರ. ಬೆಟ್ಟ ಕುರುಬರ ಮಾತು ಇನ್ನೊಂದು ಬಗೆಯದು. ಯರವರ ಮಾತು ಮಲಯಾಳಂ, ಕೊಡವದ ಕಡೆಗೆ ವಾಲುತ್ತದೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಮನೆಗಳಲ್ಲಿ ಆಡುವ ವಾಗ್ರಿ ಬೋಲಿ ದ್ರಾವಿಡ ಭಾಷೆಯೇ ಅಲ್ಲ, ಗುಜರಾತಿಯ ನೆಂಟ. ಒಂದೇ ಜಿಲ್ಲೆಯಲ್ಲಿ, ಒಂದೇ ಪಠ್ಯಪುಸ್ತಕದ ಮುಂದೆ ಕೂತ ಈ ಮಕ್ಕಳಲ್ಲಿ ಪ್ರತಿಯೊಬ್ಬರೂ ನಡೆಯಬೇಕಾದ ದೂರ ಬೇರೆ ಬೇರೆ.

ಹಾಡಿಯ ಮಕ್ಕಳ ವಿಷಯದಲ್ಲಿ ಒಂದು ಮೋಸವಿದೆ. ಜೇನು ಕುರುಬ ಮಗು ಮೇಷ್ಟ್ರ ಜೊತೆ ಕನ್ನಡದಲ್ಲೇ ಮಾತಾಡುತ್ತದೆ. "ಊಟ ಆಯ್ತಾ?" ಅಂದರೆ "ಆಯ್ತು ಸಾ" ಅನ್ನುತ್ತದೆ. ಇವನಿಗೆ ಕನ್ನಡ ಬರುತ್ತದಲ್ಲ ಎಂದು ನಾವು ನಂಬಿಬಿಡುತ್ತೇವೆ. ಎದುರಾಎದುರು ನಿಂತು ಆಡುವ ಮಾತಿಗೆ ಮುಖಭಾವ, ಕೈಸನ್ನೆ, ಕಣ್ಣೆದುರಿನ ಊಟದ ತಟ್ಟೆ ಎಲ್ಲವೂ ಸಹಾಯ ಮಾಡುತ್ತವೆ. ಪುಸ್ತಕದ ಮಾತಿಗೆ ಆ ಆಸರೆ ಇಲ್ಲ. "ಆದ್ದರಿಂದ", "ಆದರೂ", "ಅಷ್ಟರಲ್ಲಿ" ಎನ್ನುವ ಜೋಡಣೆಗಳಿಂದಲೇ ಕಥೆಯನ್ನು ಹಿಡಿಯಬೇಕು. ಈ ಎರಡು ಬಗೆಯ ಭಾಷಾಶಕ್ತಿ ಬೇರೆ ಬೇರೆ ಎಂದು ಭಾಷಾ ಕಲಿಕೆಯ ಸಂಶೋಧಕ ಜಿಮ್ ಕಮ್ಮಿನ್ಸ್ 1979ರಲ್ಲೇ ಬರೆದರು. ಎರಡನೆಯದು ಬಲಿಯುವುದಕ್ಕೆ ಹಲವು ವರ್ಷ ಬೇಕು.

ಭಾಷೆಯ ಜೊತೆ ಇನ್ನೊಂದು ವಿಷಯವೂ ಬೆರೆತಿದೆ. ಅದನ್ನು ವಿವರಿಸಲು ನಾನೇ ಬರೆದ ಎರಡು ಪುಟ್ಟ ಪಾಠ ಇಲ್ಲಿವೆ.

"ತಾತ ಮರದ ಮೇಲಿದ್ದ. ಕೆಳಗೆ ಹೊಗೆ ಏಳುತ್ತಿತ್ತು. ಮೊಮ್ಮಗ ಬುಟ್ಟಿಗೆ ಎಲೆ ಹಾಸಿ ಕಾಯುತ್ತಿದ್ದ. ಸ್ವಲ್ಪ ಹೊತ್ತಿಗೆ ಮೇಲಿಂದ ಹಗ್ಗ ಅಲುಗಿತು. ಮೊಮ್ಮಗನ ಬಾಯಲ್ಲಿ ನೀರೂರಿತು."

"ಅಪ್ಪ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದ. ಕಾರ್ಡ್ ಹಾಕಿ ನಾಲ್ಕು ಅಂಕಿ ಒತ್ತಿದ. ಗರಗರ ಸದ್ದಾಯಿತು. ಹೊರಗೆ ಬಂದವನೇ, ನಡಿ, ಹಬ್ಬಕ್ಕೆ ಬಟ್ಟೆ ತರೋಣ ಎಂದ."

ಮೊದಲನೆಯದರಲ್ಲಿ ಜೇನು ಎನ್ನುವ ಮಾತೇ ಇಲ್ಲ. ಎರಡನೆಯದರಲ್ಲಿ ದುಡ್ಡು ಎನ್ನುವ ಮಾತಿಲ್ಲ. ಎರಡರಲ್ಲೂ ಪದಗಳು ಸುಲಭ, ವಾಕ್ಯಗಳು ಚಿಕ್ಕವು. ಆದರೆ "ಬುಟ್ಟಿಗೆ ಏನು ಬೀಳುತ್ತೆ?" ಎಂದು ಕೇಳಿದರೆ ಹಾಡಿಯ ಮಗುವಿಗೆ ಉತ್ತರ ನಾಲಿಗೆ ತುದಿಯಲ್ಲಿರುತ್ತದೆ. ಮೈಸೂರಿನ ಕುವೆಂಪುನಗರದ ಮಗು ಹಲಸಿನ ಹಣ್ಣೋ, ಮಾವಿನ ಹಣ್ಣೋ ಎಂದು ತಡಕಾಡಬಹುದು. ಹೊಗೆ ಯಾಕೆ ಎನ್ನುವುದಂತೂ ಅದಕ್ಕೆ ಹೊಳೆಯುವುದು ಕಷ್ಟ. ಎರಡನೇ ಪಾಠದಲ್ಲಿ ಈ ಸ್ಥಿತಿ ತಲೆಕೆಳಗಾಗುತ್ತದೆ. ಓದಿನ ಅರ್ಥದಲ್ಲಿ ದೊಡ್ಡ ಪಾಲು ಕಾಗದದ ಮೇಲೆ ಇರುವುದೇ ಇಲ್ಲ. ಓದುವವನು ತನ್ನ ಬದುಕಿನಿಂದ ತಂದು ಸೇರಿಸುತ್ತಾನೆ.

ಇದಕ್ಕೆ ಒಳ್ಳೆಯ ಪುರಾವೆ ಅಮೆರಿಕದ ಒಂದು ಹಳೆಯ ಅಧ್ಯಯನದಲ್ಲಿದೆ. 1988ರಲ್ಲಿ ಡಾನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟದ ಒಂದು ವಿವರಣೆ ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಆಟ ಚೆನ್ನಾಗಿ ಗೊತ್ತಿದ್ದ ಮಕ್ಕಳು, ಚೆನ್ನಾಗಿ ಓದುವ ಆದರೆ ಆಟ ಗೊತ್ತಿಲ್ಲದ ಮಕ್ಕಳಿಗಿಂತ ಹೆಚ್ಚು ಅರ್ಥ ಮಾಡಿಕೊಂಡಿದ್ದರು. "ದಡ್ಡ" ಎಂದು ಹಣೆಪಟ್ಟಿ ಹಚ್ಚಿದ ಮಗುವಿಗೆ ಅದಕ್ಕೆ ಗೊತ್ತಿರುವ ಲೋಕದ ಪಾಠ ಕೊಟ್ಟು ನೋಡದೆ ನಾವು ಏನನ್ನೂ ಹೇಳುವ ಹಾಗಿಲ್ಲ.

ಮಗುವಿನ ಭಾಷೆಯ ಕಥೆ ಇಷ್ಟು ಮುಖ್ಯವಾಗುವುದು ಇದಕ್ಕೇ. ಕಥೆ ಕೇಳುವಾಗ ಮಗು ಅಕ್ಷರದ ಕಷ್ಟವಿಲ್ಲದೆ ಅರ್ಥ ಕಟ್ಟುವ ಕೆಲಸವನ್ನೆಲ್ಲ ಮಾಡುತ್ತಿರುತ್ತದೆ. ಯಾರು, ಎಲ್ಲಿ, ಏನು ಬೇಕಿತ್ತು, ಯಾವುದು ಅಡ್ಡ ಬಂತು, ಆಮೇಲೆ ಏನು ಮಾಡಿದರು. ನರಿ ಯಾಕೆ ಸುಳ್ಳು ಹೇಳಿತು ಎಂದು ಯೋಚಿಸುತ್ತದೆ. ಮುಂದೇನು ಎಂದು ಊಹಿಸುತ್ತದೆ, ಊಹೆ ತಪ್ಪಾದರೆ ತಿದ್ದಿಕೊಳ್ಳುತ್ತದೆ. ಮುಂದೆ ಪುಸ್ತಕ ಓದುವಾಗ ಬೇಕಾಗುವುದೂ ಇದೇ. ಒಂದು ಭಾಷೆಯಲ್ಲಿ ಬಂದ ಈ ಅಭ್ಯಾಸ ಇನ್ನೊಂದು ಭಾಷೆಗೂ ಜೊತೆಗೆ ಬರುತ್ತದೆ. ಕಾರಣ ಹುಡುಕಲು ಜೇನು ಕುರುಬ ಮಾತಿನಲ್ಲಿ ಕಲಿತ ಮಗು ಅದನ್ನು ಕನ್ನಡದಲ್ಲಿ ಮತ್ತೆ ಮೊದಲಿಂದ ಕಲಿಯಬೇಕಿಲ್ಲ. ಹೊಸ ಪದಗಳನ್ನು ಕಲಿತರೆ ಸಾಕು.

ಅಂದರೆ ಹಾಡಿಯ ಮಗು ಶಾಲೆಗೆ ಖಾಲಿ ಕೈಯಲ್ಲಿ ಬರುತ್ತಿಲ್ಲ. ಅರ್ಥ ಕಟ್ಟುವ ಶಕ್ತಿ ಅದರ ಬಳಿ ಆಗಲೇ ಇದೆ. ನಾವು ಅದನ್ನು ಬಾಗಿಲ ಹೊರಗೆ ಬಿಡಿಸಿ ಮಗುವನ್ನು ಮಾತ್ರ ಒಳಗೆ ಕರೆದುಕೊಳ್ಳುತ್ತಿದ್ದೇವೆ. ನನಗೆ ಈ ವಿಷಯದಲ್ಲಿ ಹೆಚ್ಚು ನೋವಾಗುವುದು ಇದರ ಬಗ್ಗೆಯೇ.

ಹಾಗಾದರೆ ತರಗತಿಯಲ್ಲಿ ಏನು ಮಾಡಬಹುದು? ದೊಡ್ಡ ಯೋಜನೆಗೆ ಕಾಯಬೇಕಿಲ್ಲ. ಹಾಡಿಯ ಹಿರಿಯರೊಬ್ಬರನ್ನು ಕೇಳಿ ಅವರ ಮಾತಿನಲ್ಲೇ ಒಂದು ಕಥೆಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮೂರು ನಿಮಿಷದೊಳಗೆ ಮುಗಿಯುವ ಕಥೆ ಒಳ್ಳೆಯದು. ಅದನ್ನು ತರಗತಿಯಲ್ಲಿ ಕೇಳಿಸಿ, ನಡುವೆ ಒಂದು ಕಡೆ ನಿಲ್ಲಿಸಿ, "ಈಗ ಏನಾಗಬಹುದು?" ಎಂದು ಕೇಳಿ. ಮಕ್ಕಳು ತಮ್ಮ ಮಾತಿನಲ್ಲೇ ಉತ್ತರ ಹೇಳಲಿ. ಮೇಷ್ಟ್ರಿಗೆ ಅದು ಪೂರ್ತಿ ತಿಳಿಯದಿದ್ದರೆ ಇನ್ನೊಂದು ಮಗು ಕನ್ನಡದಲ್ಲಿ ಹೇಳುತ್ತದೆ. ಹಾಗೆ ಹೇಳುವ ಮಗುವಿಗೆ ಅದೇ ಒಂದು ದೊಡ್ಡ ಭಾಷಾ ಪಾಠ.

ಆಮೇಲೆ ಕಥೆಯನ್ನು ಮಕ್ಕಳಿಂದಲೇ ಮತ್ತೆ ಹೇಳಿಸಬೇಕು. ಅವರು ಹೇಳಿದ ವಾಕ್ಯವನ್ನು, ಅವರ ಮಾತಿನಲ್ಲೇ, ಬೋರ್ಡಿನ ಮೇಲೆ ಕನ್ನಡ ಅಕ್ಷರದಲ್ಲಿ ಬರೆಯಬೇಕು. ಆರೇಳು ವಾಕ್ಯ ಸಾಕು. ಈಗ ಮಗು ಓದುತ್ತಿರುವುದು ತಾನೇ ಆಡಿದ ಮಾತು. ಅರ್ಥ ಮೊದಲೇ ಗೊತ್ತಿರುವುದರಿಂದ ಗಮನವನ್ನೆಲ್ಲ ಅಕ್ಷರದ ಮೇಲೆ ಇಡಬಹುದು. ಲಿಪಿ ಒಂದೇ ಆಗಿರುವುದು ಇಲ್ಲಿ ದೊಡ್ಡ ಅನುಕೂಲ. ಹಾಡಿಯ ಮಾತಿನಲ್ಲಿ ಕಲಿತ "ಕ" ಮತ್ತು ಕೊಂಬು ನಾಳೆ ಕನ್ನಡ ಪುಸ್ತಕದಲ್ಲೂ ಅದೇ "ಕು". ಕನ್ನಡ ಲಿಪಿಗೆ ಸರಿಯಾಗಿ ಕೂರದ ಸದ್ದು ಎಲ್ಲಾದರೂ ಬಂದರೆ, ಹೇಗೆ ಬರೆಯೋಣ ಎಂದು ಮಕ್ಕಳನ್ನೂ ಹಿರಿಯರನ್ನೂ ಕೇಳಿ ಒಂದು ರೂಪಕ್ಕೆ ಒಪ್ಪಿಕೊಂಡರಾಯಿತು. ಅದೇ ಕಥೆಯ ಪುಸ್ತಕದ ಕನ್ನಡದ ರೂಪವನ್ನು ಕೆಲವು ದಿನ ಬಿಟ್ಟು ಎದುರಿಗೆ ಇಡಬೇಕು. ಕಥೆ ಗೊತ್ತಿರುವುದರಿಂದ ಹೊಸ ಪದಗಳು ತಾವಾಗಿ ಅರ್ಥ ಬಿಟ್ಟುಕೊಡುತ್ತವೆ.

ಅಕ್ಷರ ಕಲಿಸುವುದನ್ನು ಇದು ಬದಿಗೆ ತಳ್ಳುವುದಿಲ್ಲ. ಕಥೆ ಕೇಳುತ್ತಾ ಕೇಳುತ್ತಾ ಓದು ತಾನಾಗಿ ಬಂದುಬಿಡುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕನ್ನಡದಷ್ಟು ರೂಪಗಳಿರುವ ಲಿಪಿಯನ್ನು ಕ್ರಮವಾಗಿ, ದಿನವೂ ಕಲಿಸಲೇಬೇಕು. ಗುಣಾಕಾರದ ಲೆಕ್ಕದಲ್ಲಿ ಆ ಕಡೆಯ ಸಂಖ್ಯೆ ಸೊನ್ನೆಯಾದರೂ ಉತ್ತರ ಸೊನ್ನೆಯೇ ತಾನೆ?

ಈ ವಿಷಯದಲ್ಲಿ ಹೆಗ್ಗಡದೇವನಕೋಟೆಗೆ ಒಂದು ಹೆಮ್ಮೆಯ ಹಿನ್ನೆಲೆ ಇದೆ. ಇವತ್ತು ರಾಜ್ಯದ ಸರ್ಕಾರಿ ಶಾಲೆಗಳಲ್ಲೆಲ್ಲ ಕೇಳುವ, ಚಟುವಟಿಕೆಯಿಂದ ಕಲಿಸುವ "ನಲಿ ಕಲಿ" ಪದ್ಧತಿ ಹುಟ್ಟಿದ್ದು ಇದೇ ತಾಲ್ಲೂಕಿನಲ್ಲಿ, 1995ರಲ್ಲಿ. ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದ ಸರ್ಕಾರಿ ಶಿಕ್ಷಕರು, ಯುನಿಸೆಫ್ ನೆರವಿನಿಂದ, ಕಾರ್ಡುಗಳನ್ನೂ, ಮೆಟ್ಟಿಲು ಮೆಟ್ಟಿಲಾಗಿ ಏನು ಕಲಿಯಬೇಕೆಂದು ತೋರಿಸುವ ಕಲಿಕೆಯ ಏಣಿಯನ್ನೂ ತಾವೇ ತಯಾರಿಸಿದರು. ಅ ಆ ಇ ಈ ಕ್ರಮ ಬಿಟ್ಟು "ರ ಗ ಸ ದ ಅ" ಎಂದು ಶುರು ಮಾಡಿದರು. ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಎಲ್ಲ ಓದಬಹುದು. ಅಕ್ಷರ ಕಲಿತ ದಿನವೇ ಅರ್ಥವಿರುವ ಪದ ಕೈಗೆ ಸಿಗಬೇಕು ಎನ್ನುವ ಯೋಚನೆ ಅದು. ಶಿಕ್ಷಕರೇ ಕೂತು ಸಾಮಗ್ರಿ ಮಾಡಬಲ್ಲರು ಎಂದು ಈ ತಾಲ್ಲೂಕು ಆಗಲೇ ತೋರಿಸಿದೆ. ಹಾಡಿಯ ಮಾತಿನ ಕಾರ್ಡುಗಳನ್ನು ಮಾಡುವುದೂ ಅದೇ ದಾರಿಯ ಮುಂದಿನ ಹೆಜ್ಜೆ.

ತಜ್ಞರ ನೆರವೂ ದೂರವಿಲ್ಲ. ಮೈಸೂರಿನ ಹುಣಸೂರು ರಸ್ತೆಯ ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆ. 1969ರ ಜುಲೈನಲ್ಲಿ ಶುರುವಾದ ಈ ಸಂಸ್ಥೆ ದೇಶದ ಬುಡಕಟ್ಟು ಭಾಷೆಗಳ ವ್ಯಾಕರಣ, ನಿಘಂಟು, ಮೊದಲ ಓದಿನ ಪುಸ್ತಕಗಳಾದ ಪ್ರೈಮರ್‌ಗಳ ಮೇಲೆ ದಶಕಗಳಿಂದ ಕೆಲಸ ಮಾಡಿದೆ. 2024ರ ಮಾರ್ಚ್‌ನಲ್ಲಿ ಎನ್‌ಸಿಇಆರ್‌ಟಿ (ಕೇಂದ್ರದ ಪಠ್ಯಪುಸ್ತಕ ಸಂಸ್ಥೆ) ಜೊತೆ ಸೇರಿ 52 ಭಾಷೆಗಳ ಪ್ರೈಮರ್ ಹೊರತಂದಿತು. ಪ್ರೈಮರ್ ಬೇಕು, ಆದರೆ ಸಾಲದು. ಅದು ಅಕ್ಷರಕ್ಕೆ ಬಾಗಿಲು ತೆರೆಯುತ್ತದೆ. ಓದಿನ ರುಚಿ ಹತ್ತಬೇಕಾದರೆ ಒಂದರ ಹಿಂದೊಂದು ಕಥೆಪುಸ್ತಕ ಬೇಕು.

ಎಂಥ ಕಥೆ ಬೇಕು ಎನ್ನುವ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಬುಡಕಟ್ಟು ಮಕ್ಕಳಿಗೆ ಪುಸ್ತಕ ಎಂದ ಕೂಡಲೇ ಕಾಡು, ಜೇನು, ಆನೆ ಎಂದು ಮೂರೇ ಚಿತ್ರ ಬಿಡಿಸುವವರಿದ್ದಾರೆ. ಇವತ್ತಿನ ಹಾಡಿಯ ಮಗುವಿನ ಲೋಕ ಅಷ್ಟೇ ಅಲ್ಲ. ಎಷ್ಟೋ ಮನೆಯ ಅಪ್ಪ ಅಮ್ಮ ಬೆಳಗಾಗುತ್ತಲೇ ಜೀಪು ಹತ್ತಿ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಅರಣ್ಯದಿಂದ ಹೊರಗೆ ಬಂದು ಪುನರ್ವಸತಿ ಕೇಂದ್ರದಲ್ಲೇ ಹುಟ್ಟಿದ ಮಕ್ಕಳೂ ಇದ್ದಾರೆ. ಜೀಪು ತಪ್ಪಿಸಿಕೊಂಡ ಅಮ್ಮನ ಕಥೆ, ಬುಡಕಟ್ಟು ಮಕ್ಕಳ ವಸತಿ ಶಾಲೆಯಾದ ಆಶ್ರಮ ಶಾಲೆಯ ಮೊದಲ ರಾತ್ರಿಯ ಕಥೆ, ಚಾರ್ಜ್ ಮುಗಿದ ಫೋನಿನ ಕಥೆ ಎಲ್ಲವೂ ಆ ಮಗುವಿನವೇ. ಇನ್ನೊಂದು ಕಡೆ, ಪಟ್ಟಣದ ನೀತಿಕಥೆಯನ್ನು ಹಾಗೇ ತಂದು ಹಾಡಿಯ ಮಾತಿಗೆ ಅನುವಾದಿಸಿ ಇಟ್ಟರೂ ಕೆಲಸವಾಗುವುದಿಲ್ಲ. ಕಾಡು ಎಂದರೆ ಹೆದರಿಕೆಯ ಜಾಗ, ಅಲ್ಲಿರುವವರು ಒರಟರು ಎಂದು ಸಾರುವ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಕಾಡಿನ ಅಂಚಿನ ಮಗುವಿನ ಕೈಗೆ ಅವನ್ನು ಕೊಟ್ಟು ಖುಷಿಯಿಂದ ಓದು ಎನ್ನುವುದು ತಪ್ಪು.

ಮನೆಮಾತಿನಲ್ಲಿ ಕಲಿಸುತ್ತಾ ಕೂತರೆ ಕನ್ನಡ ಹಿಂದೆ ಬೀಳುವುದಿಲ್ಲವೇ? ಈ ಆತಂಕ ಎಷ್ಟೋ ಸಲ ಹಾಡಿಯ ತಂದೆ ತಾಯಿಗಳದ್ದೇ. ಅದನ್ನು ತಳ್ಳಿಹಾಕಬಾರದು. ಆಧಾರ್‌ನಿಂದ ಹಿಡಿದು ಆಸ್ಪತ್ರೆಯವರೆಗೆ ಅವರಿಗೆ ದಿನವೂ ಬೇಕಿರುವುದು ಕನ್ನಡ. ಆದರೆ ಇಲ್ಲಿ ಕನ್ನಡ ಬಿಡುವ ಮಾತೇ ಇಲ್ಲ. ಮೊದಲ ಎರಡು ಮೂರು ವರ್ಷ ಮನೆಮಾತಿನ ಪಾಲು ಜಾಸ್ತಿ ಇಟ್ಟು, ಮಾತಿನ ಕನ್ನಡ ಜೊತೆಯಲ್ಲೇ ಬೆಳೆಸಿ, ನಿಧಾನಕ್ಕೆ ಕನ್ನಡದ ಓದನ್ನು ಹೆಚ್ಚಿಸುತ್ತಾ ಹೋಗುವುದು ಕ್ರಮ. ಒಡಿಶಾ ಸರ್ಕಾರ 2006-07ರ ಹೊತ್ತಿನಿಂದ ಸಂತಾಲಿ, ಸವರ, ಕುವಿ ಮೊದಲಾದ ಭಾಷೆಗಳಲ್ಲಿ ಈ ರೀತಿಯ ಶಾಲೆಗಳನ್ನು ನಡೆಸುತ್ತಿದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಬೋಧನೆಗೆ ಅನುಕೂಲ ಮಾಡಿಕೊಡಲು ಹೇಳುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿದ್ದ ಕಡೆ ಐದನೇ ತರಗತಿವರೆಗೆ ಮನೆಮಾತು ಎನ್ನುತ್ತದೆ. ಕಾಗದದ ಮೇಲೆ ದಾರಿ ತೆರೆದೇ ಇದೆ. 2011ರ ಜನಗಣತಿಯಲ್ಲಿ ರಾಜ್ಯದ ಜೇನು ಕುರುಬರು ಸುಮಾರು 36 ಸಾವಿರ. ಇಷ್ಟು ಚಿಕ್ಕ ಸಮುದಾಯಕ್ಕೆ ಪುಸ್ತಕ ಮಾಡುವುದು ಅಸಾಧ್ಯವಾದ ಕೆಲಸ ಖಂಡಿತ ಅಲ್ಲ.

ಅಳೆಯುವ ಕ್ರಮವೂ ಬದಲಾಗಬೇಕು. ಚಿಕ್ಕ ಮಕ್ಕಳ ಓದು, ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ಶುರು ಮಾಡಿದ ನಿಪುಣ್ ಭಾರತ್ ಯೋಜನೆಯ ಗುರಿಗಳಲ್ಲಿ ಮೂರನೇ ತರಗತಿಗೆ ನಿಮಿಷಕ್ಕೆ ಕನಿಷ್ಠ 60 ಪದ, ಅದೂ ಅರ್ಥ ತಿಳಿದು, ಎಂದಿತ್ತು. ನಮ್ಮ ತರಗತಿಗಳಲ್ಲಿ ಸಂಖ್ಯೆಗೆ ಸಿಕ್ಕ ಗಮನ "ಅರ್ಥ ತಿಳಿದು" ಎನ್ನುವುದಕ್ಕೆ ಸಿಗಲಿಲ್ಲ. ಉದ್ದ ಪದಗಳ ಕನ್ನಡಕ್ಕೂ ಚಿಕ್ಕ ಪದಗಳ ಹಿಂದಿಗೂ ಒಂದೇ ವೇಗ ಹೊಂದುವುದೂ ಇಲ್ಲ. ಮಕ್ಕಳ ಬುನಾದಿ ಕಲಿಕೆಯ ಬಗ್ಗೆ ನಡೆದ 2022ರ ರಾಷ್ಟ್ರೀಯ ಅಧ್ಯಯನದಲ್ಲಿ 20 ಭಾಷೆಗಳಿಗೆ ಬೇರೆ ಬೇರೆ ಮಟ್ಟ ಗೊತ್ತು ಮಾಡಿದ್ದು ಒಳ್ಳೆಯದಾಯಿತು. ಮೇಷ್ಟ್ರಿಗೆ ನಾನು ಹೇಳುವುದು ಇಷ್ಟೆ. ಮಗು ಪಾಠ ಓದಿದ ಮೇಲೆ, "ನಿಮ್ಮ ಮಾತಲ್ಲೇ ಹೇಳು" ಅನ್ನಿ. ಮನೆಮಾತಿನಲ್ಲಿ ಕಥೆ ಸರಿಯಾಗಿ ಬಂದರೆ ಅದಕ್ಕೆ ಓದು ತಿಳಿದಿದೆ, ಕನ್ನಡದಲ್ಲಿ ಹೇಳುವುದಷ್ಟೇ ಬಾಕಿ. ಮನೆಮಾತಿನಲ್ಲೂ ಬರದಿದ್ದರೆ ತೊಡಕು ಓದಿನಲ್ಲೇ ಇದೆ. ಇವೆರಡಕ್ಕೂ ಮದ್ದು ಬೇರೆ. ಕನ್ನಡದಲ್ಲಿ ಮಾತ್ರ ಪ್ರಶ್ನೆ ಕೇಳಿದರೆ ಎರಡೂ ಒಂದೇ ಥರ ಕಾಣುತ್ತವೆ.

ಕಥೆ ಕೂಡಿಸುವುದಕ್ಕೆ ಮೈಸೂರಿನಲ್ಲೇ ಒಂದು ಒಳ್ಳೆಯ ಅವಕಾಶ ಪ್ರತಿ ವರ್ಷ ಬರುತ್ತದೆ. ದಸರಾಕ್ಕೆ ವೀರನಹೊಸಹಳ್ಳಿಯಿಂದ ಗಜಪಯಣ ಹೊರಟು ಆನೆಗಳು ಅರಮನೆ ಸೇರಿದಾಗ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಹೆಂಡತಿ ಮಕ್ಕಳ ಜೊತೆ ಬಂದು ಬಿಡಾರ ಹೂಡುತ್ತಾರೆ. ಅವರಲ್ಲಿ ಜೇನು ಕುರುಬರು ಬಹಳ ಜನ. ಮಕ್ಕಳಿಗಾಗಿ ಅರಮನೆ ಆವರಣದಲ್ಲೇ ಟೆಂಟ್ ಶಾಲೆ ನಡೆಯುತ್ತದೆ. ಬೇರೆ ಬೇರೆ ಆನೆ ಶಿಬಿರಗಳ ಮಕ್ಕಳು ಒಂದೇ ಟೆಂಟಿನಲ್ಲಿ, ಕಥೆ ಗೊತ್ತಿರುವ ದೊಡ್ಡವರು ಕೂಗಳತೆಯಲ್ಲಿ, ಭಾಷಾ ಸಂಸ್ಥಾನ ಅದೇ ಊರಿನಲ್ಲಿ. ಅಷ್ಟು ವಾರಗಳಲ್ಲಿ ಹತ್ತಾರು ಕಥೆ ರೆಕಾರ್ಡ್ ಮಾಡಿ, ಮಕ್ಕಳಿಂದಲೇ ಚಿತ್ರ ಬರೆಸಿ, ಪುಟ್ಟ ಪುಸ್ತಕಗಳನ್ನು ಮಾಡಬಹುದು. ಸರಗೂರಿನ ಜನಧ್ವನಿಯಂಥ ಸಮುದಾಯ ರೇಡಿಯೋ ಆ ಧ್ವನಿಗಳನ್ನು ಹಾಡಿಗಳಿಗೆ ಮತ್ತೆ ತಲುಪಿಸಬಹುದು.

ಕಥೆ ಕೇಳುವಾಗ ಒಪ್ಪಿಗೆ ಕೇಳಬೇಕು. ಕೆಲವು ಕಥೆ, ಹಾಡುಗಳು ಪೂಜೆಗೋ, ಒಂದು ಕುಟುಂಬಕ್ಕೋ ಸೇರಿದ್ದಿರಬಹುದು. ಇದು ಹೊರಗೆ ಬೇಡ ಎಂದು ಯಜಮಾನರು ಹೇಳಿದರೆ ಅಲ್ಲಿಗೆ ಬಿಡಬೇಕು. ಕೊಟ್ಟ ಕಥೆಗೆ ಹೇಳಿದವರ ಹೆಸರು, ಹಾಡಿಯ ಹೆಸರು ಅವರು ಒಪ್ಪಿದ ರೀತಿಯಲ್ಲಿ ಪುಸ್ತಕದ ಮೊದಲ ಪುಟದಲ್ಲೇ ಇರಬೇಕು. ಅಚ್ಚಾದ ಪ್ರತಿಗಳು ಶಾಲೆಯ ಬೀರುವಿನಲ್ಲಿ ಬೀಗ ಹಾಕಿಸಿಕೊಳ್ಳದೆ ಮಕ್ಕಳ ಚೀಲದಲ್ಲಿ ಮನೆಗೆ ಹೋಗಬೇಕು. ಹರಿದರೆ ಇನ್ನೊಂದು ಅಚ್ಚು ಹಾಕಿಸೋಣ.